ಚಹಾ ಪೆಟ್ಟಿಗೆಯೊಳಗಿನ ಗೇರ್‌ಬಾಕ್ಸ್

"ಗೊತ್ತಾಗ್ತಿದೆಯಾ?" ಎಂದು ಲಯನೆಲ್ ದಿನಾ ಬೆಳಿಗ್ಗೆ ಹೆಂಡತಿಯ ಎಡಗೈ ಒತ್ತಿ ಕೇಳುತ್ತಿದ್ದ. "ಹೂಂ" ಅನ್ನುತ್ತಿದ್ದಳು ಹೆಸ್ಟರ್. ಶುದ್ಧ ಸುಳ್ಳು! ಲಕ್ವ ಹೊಡೆದು ಹನ್ನೊಂದು ತಿಂಗಳಾಗಿತ್ತು. ಕೈಗೆ ಬಲ ತಿರುಗಿ ಬಂದಿತ್ತು, ಸ್ಪರ್ಶ ಬಂದಿರಲಿಲ್ಲ. ಬಿಸಿ ಚಹಾದ ಮಗ್ಗೂ ಒಂದೇ, ಗಂಡನ ಕೈಯೂ ಒಂದೇ. ಡಾಕ್ಟರಿಗೆ ನಿಜ ಹೇಳಿದ್ದಳು, ಕಾರು ಓಡಿಸಲು ಒಪ್ಪಿಗೆಯನ್ನೂ ಪಡೆದಿದ್ದಳು. ಗಂಡನಿಗೆ ಮಾತ್ರ ಹೇಳಿರಲಿಲ್ಲ. ಅವನ ಮುಖ ಬಾಡುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ಹಾಲೋಬ್ಯಾಂಕ್ ಗುಡ್ಡ ಹತ್ತುವ ಪಂದ್ಯ ಜೂನಿನಲ್ಲಿ. ಮೂವತ್ತೊಂದು ವರ್ಷ ಅವಳು ತನ್ನ ಹಸಿರು ಕಾರಿನಲ್ಲಿ, ಅದೂ ಐವತ್ತೊಂಬತ್ತರ ಮಾಡೆಲ್ಲಿನಲ್ಲಿ, ತಪ್ಪದೆ ಹತ್ತಿದ್ದಳು. ಅದರ ಗೇರ್‌ಬಾಕ್ಸು ಒಡೆದು ಕಾರು ಮೂಲೆ ಸೇರಿತ್ತು. ಈ ಸಲ ಹತ್ತದಿದ್ದರೆ ಇನ್ನು ಹತ್ತುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಅದಕ್ಕೇ ಇವತ್ತು ಗಂಡ ಹೆಂಡತಿ ಮಾಲ್ವರ್ನ್ ಊರಿನ ಹಿಂಬದಿಯಲ್ಲಿರುವ ಮೆಕ್ಯಾನಿಕ್ ಕ್ಲೆಮ್ ಟ್ಯಾಂಡಿಯ ಶೆಡ್ಡಿಗೆ ಬಂದಿದ್ದರು.

"ಬಾ ತಾಯಿ, ಬಾ. ನಿನ್ನ ಹಸಿರು ಮುದುಕಿಗೆ ಎರಡು ಗಂಡು ನೋಡಿಟ್ಟಿದ್ದೀನಿ," ಎಂದ ಕ್ಲೆಮ್. ಗೇರು ಬಿಚ್ಚಿ ಜೋಡಿಸುತ್ತಲೇ ಎಪ್ಪತ್ತೆಂಟಾದವನು. ಬೆಂಚಿನ ಮೇಲೆ ಎರಡು ಗೇರ್‌ಬಾಕ್ಸು, ಎರಡಕ್ಕೂ ಲಿವರು. "ಇವನು ಐದು ಗೇರಿನವನು, ಹೊಸಬ. ಬೆಣ್ಣೆ ಥರ. ಅವನು ನಾಲ್ಕರವನು, ಹಳೇ ಮನೆತನ. ಆದ್ರೆ ಒಳಗೆಲ್ಲ ಹೊಸದು ಹಾಕಿ ನಯ ಮಾಡಿದ್ದೀನಿ."

"ಬೆಣ್ಣೆಯವನೇ ಸಾಕು," ಎಂದ ಲಯನೆಲ್. "ಇವಳ ಕೈಗೆ ಕಷ್ಟ ಆಗ್ಬಾರ್ದು."

"ಕಾರು ಓಡಿಸೋಳು ಅವಳು, ನೀನು ಸುಮ್ನಿರಯ್ಯ." ಕ್ಲೆಮ್ ಮೂಲೆಯ ಕಂಪ್ರೆಸರನ್ನು ಚಾಲೂ ಮಾಡಿದ. ಶೆಡ್ಡು ಗಡಗಡ ಅಂದಿತು. "ಸದ್ದು ಕೇಳಿ ಹೇಳೋ ಹಾಗಿಲ್ಲ, ಗೇರು ಬಿತ್ತೋ ಇಲ್ವೋ ಅಂತ ಕೈಯೇ ಹೇಳ್ಬೇಕು! ಕಣ್ಣು ಮುಚ್ಚು. ಎರಡನೇ ಗೇರಿಗೆ ಹಾಕು!"

ಕ್ಲೆಮ್ ಸ್ಪ್ಯಾನರಿನಿಂದ ಒಳಗಿನ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಹೆಸ್ಟರ್ ಲಿವರು ಎಳೆದಳು. "ಬಿತ್ತು!" ಎಂದಳು. ಕಂಪ್ರೆಸರು ನಿಂತಿತು. ಕಣ್ಣು ಬಿಟ್ಟರೆ ಲಿವರು ಗೇರಿಗೆ ಬೀಳದೆ ನಡುವೆಯೇ ಅಲ್ಲಾಡುತ್ತ ನಿಂತಿದೆ. ನಾಲ್ಕರವನ ಹತ್ತಿರವೂ ಅದೇ ಕಥೆ. ಗುಡ್ಡದ ತಿರುವಿನಲ್ಲಿ ಹೀಗಾದರೆ ಕಾರು ಹಿಂದಕ್ಕೇ ಜಾರುತ್ತದೆ.

ಲಯನೆಲ್ ಹೆಂಡತಿಯ ಎಡಗೈಯನ್ನೇ ನೋಡಿದ. ಹನ್ನೊಂದು ತಿಂಗಳ "ಹೂಂ" ಎಲ್ಲ ಅವನಿಗೆ ಆಗ ಅರ್ಥವಾಯಿತು. ಹೆಸ್ಟರ್‌ಗೆ ನಾಚಿಕೆಯಾಯಿತು, ದುಃಖ ಒತ್ತರಿಸಿ ಬಂತು. "ಕಾರು ಮಾರಿಬಿಡೋಣ ಬಿಡು," ಎಂದಳು.

ಕ್ಲೆಮ್ ತಲೆ ಕೆರೆದುಕೊಂಡ. ಆಮೇಲೆ ಮೇಲೆ ಮಗ್ಗುಗಳನ್ನು ಇಟ್ಟಿದ್ದ ಹಳೇ ಚಹಾಪುಡಿಯ ಮರದ ಪೆಟ್ಟಿಗೆಯ ಹತ್ತಿರ ಹೋಗಿ, ಮಗ್ಗುಗಳನ್ನು ಒಂದೊಂದಾಗಿ ಕೆಳಗಿಟ್ಟ. ಮುಚ್ಚಳ ತೆಗೆದ. ಒಳಗೆ ಗೋಣಿ ಸುತ್ತಿದ ಇನ್ನೊಂದು ಗೇರ್‌ಬಾಕ್ಸು, ಕಪ್ಪಗೆ, ಎಣ್ಣೆಯ ವಾಸನೆಯಲ್ಲಿ.

"ಬೈಬೇಡ ಮತ್ತೆ. ಈ ಗಂಡಿಗೆ ಯಾರೂ ಹೆಣ್ಣು ಕೊಡಲ್ಲ. ಪಂದ್ಯಕ್ಕೇ ಅಂತ ಮಾಡಿದ್ದು, ನಯ ನಾಜೂಕು ಒಂದೂ ಇಲ್ಲ. ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ ತುಳೀಬೇಕು."

"ನಿಂಗೇನು ತಲೆ ಕೆಟ್ಟಿದೆಯಾ?" ಎಂದು ಲಯನೆಲ್ ರೇಗಿದ. "ಬೆಣ್ಣೇನೇ ಆಗದೋಳಿಗೆ ಕಬ್ಬಿಣ ಕೊಡ್ತೀಯಲ್ಲ!"

"ಎತ್ತೋಕೆ ಒಂದು ಕೈ ಕೊಡು, ಆಮೇಲೆ ಬೈಯುವಂತೆ."

ಇಬ್ಬರೂ ಏದುಸಿರು ಬಿಡುತ್ತ ಅದನ್ನು ಬೆಂಚಿಗೇರಿಸಿದರು. ಮತ್ತೆ ಕಂಪ್ರೆಸರು ಗಡಗಡ. ಹೆಸ್ಟರ್ ಕಣ್ಣು ಮುಚ್ಚಿದಳು. ಆಸೆಯೇನೂ ಇರಲಿಲ್ಲ, ಕ್ಲೆಮ್‌ನ ಮನಸ್ಸು ನೋಯದಿರಲಿ ಎಂದು ಲಿವರು ಎಳೆದಳು.

ಧಡ್!

ಅಯ್ಯೋ ದೇವರೇ! ಬೆರಳಿಗೆ ಏನೂ ಗೊತ್ತಾಗಲಿಲ್ಲ, ಅಂಗೈಗೂ ಇಲ್ಲ. ಆ ಏಟು ಅವೆರಡನ್ನೂ ದಾಟಿ ಮೊಣಕೈಯ ಮೂಳೆ ಹತ್ತಿ ಭುಜದಲ್ಲಿ ಬಂದು ಕೂತಿತ್ತು. ಸತ್ತೇಹೋಯಿತೆಂದು ಅವಳು ಕೈಬಿಟ್ಟಿದ್ದ ತೋಳೊಳಗೆ ಯಾರೋ ಬಾಗಿಲು ತಟ್ಟಿದ್ದರು.

"ಎರಡು," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. ಮತ್ತೆ ನೂಕಿದಳು. ಧಡ್. "ಮೂರು!" ಧಡ್. "ನಾಲ್ಕು! ಕ್ಲೆಮ್, ನಾಲ್ಕು!" ಒಮ್ಮೆ ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದಳು. ತೋಳು ಸುಮ್ಮನಿತ್ತು. "ಈಗ ಬಿದ್ದಿಲ್ಲ!" ಎಂದು ಕೂಗಿದಳು. ಬಿದ್ದಿರಲೂ ಇಲ್ಲ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ಕ್ಲೆಮ್ ಸ್ಪ್ಯಾನರು ಹಿಡಿದುಕೊಂಡೇ ಬಾಯಿಬಿಟ್ಟು ನೋಡುತ್ತಿದ್ದ. ಅರವತ್ತು ವರ್ಷ ಇದೇ ಧಡ್ ಅನ್ನುವುದನ್ನು ಅಡಗಿಸಲು ಒದ್ದಾಡಿದ್ದವನು ಅವನು.

ಲಯನೆಲ್ ಹತ್ತಿರ ಬಂದ. ಲಿವರಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಅದು ಅವಳಿಗೆ ತಿಳಿಯಲಿಲ್ಲ. ಇಬ್ಬರೂ ಸೇರಿ ಮೂರಕ್ಕೆ ನೂಕಿದರು.

"ಗೊತ್ತಾಯ್ತಾ?" ಎಂದು ಅವಳ ಕಿವಿಯ ಹತ್ತಿರ ಕೇಳಿದ.

"ಹೂಂ."

ಅವನು ಅವಳ ಮುಖವನ್ನೇ ನೋಡಿದ. "ಈ ಸಲ ನಿಜ," ಎಂದ. ಆಮೇಲೆ ಕ್ಲೆಮ್ ಕಡೆ ತಿರುಗಿ, "ಇವನನ್ನ ಪೆಟ್ಟಿಗೆ ಸಮೇತ ಒಯ್ತೀವಿ, ನಿನ್ನ ಮಗ್ಗುಗಳಿಗೆ ಬೇರೆ ಪೆಟ್ಟಿಗೆ ನೋಡ್ಕೊಳ್ಳಯ್ಯ," ಎಂದ.