ಎರಡು ಕನ್ನಡಿಯ ಬಿಸಿಲು

ಲಕ್ಸರ್ ಊರಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಊರ ಜನ ಹತ್ತುವ ದೋಣಿಯಲ್ಲೇ ನೈಲ್ ದಾಟಿ, ತಲೆಗೆ ಬಟ್ಟೆ ಸುತ್ತಿಕೊಳ್ಳಿ, ನೀರು ಇಟ್ಟುಕೊಳ್ಳಿ, ಬೆಳಿಗ್ಗೆ ಏಳು ಗಂಟೆಯೊಳಗೆ ಗುಡ್ಡದ ಹಳೇ ಗೋರಿಯ ಬಾಗಿಲಲ್ಲಿರಿ. ಆಚೆ ದಡದ ಗುರ್ನಾದ ನಮ್ಮ ಮನೆಯಲ್ಲಿ ಇಳಿದುಕೊಳ್ಳುವವರಿಗೆಲ್ಲ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಒಬ್ಬರೂ ಕೇಳುವುದಿಲ್ಲ. ಆದರೆ ಅವತ್ತು ತಪ್ಪಿದವಳು ನಾನೇ.

ಕೈರೋದಿಂದ ಇಹ್ಸಾನ್ ಟೀಚರ್ ಬಂದಿದ್ದರು. ನಮ್ಮೂರಿನ ಆ ಗೋರಿಯ ಚಾವಣಿಯಲ್ಲಿ ಬರೆದಿರುವ ದ್ರಾಕ್ಷಿ ಚಪ್ಪರವನ್ನು ಮೂವತ್ತು ವರ್ಷ ಮಕ್ಕಳಿಗೆ ಪುಸ್ತಕದಲ್ಲಿ ತೋರಿಸಿದವರು, ಕಣ್ಣಾರೆ ಕಂಡಿರಲಿಲ್ಲ. ಈಗ ಕಣ್ಣೇ ಮಂಜಾಗುತ್ತಿದೆ, ಬೇಸಿಗೆಯ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅವತ್ತೇ ಸಂಜೆಯ ರೈಲಿಗೆ ವಾಪಸ್ ಹೊರಡಬೇಕಿತ್ತು.

ಆರಕ್ಕೇ ಚಪ್ಪಲಿ ಮೆಟ್ಟಿ ನಿಂತಿದ್ದರು ಪಾಪ. ಅತಿಥಿಯನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಿದರೆ ನಮ್ಮೂರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ತುಪ್ಪದ ಪದರು ರೊಟ್ಟಿ ಮಾಡಲು ಕೂತೆ. ಎರಡು ಸಲ ಚಹಾ ಆಯಿತು. ಅತ್ತೆ ಬಂದು ಮಾತಿಗೆ ಕೂತರು, ಪಕ್ಕದ ಮನೆಯವಳು ಮೊಮ್ಮಗಳನ್ನು ತೋರಿಸಲು ಎತ್ತಿಕೊಂಡು ಬಂದಳು. ಗೋರಿ ಮುಟ್ಟಿದಾಗ ಹನ್ನೊಂದು ದಾಟಿತ್ತು.

ಆ ಗೋರಿಯ ಕಾವಲು ನಮ್ಮ ಮಾವ ಬಖೀತರದು. ಒಳಗೆ ದೀಪವಿಲ್ಲ. ಬಾಗಿಲಿಗೆ ಬೀಳುವ ಬೆಳಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಕ್ಕೆ ಬಿಡುವುದು ಅವರ ಅಪ್ಪನ ಕಾಲದಿಂದ ಬಂದ ಕೆಲಸ. ನಾವು ಹೋಗುವಷ್ಟರಲ್ಲಿ ಬಾಗಿಲಿಗೆ ನೆರಳು ಬಿದ್ದಿತ್ತು.

"ಊರಿಗೆಲ್ಲಾ ಬುದ್ಧಿ ಹೇಳ್ತೀಯಲ್ಲಮ್ಮ ನಜಾತ್, ನಿನ್ನ ರೊಟ್ಟಿ ಬೇಯೋವರೆಗೂ ಸೂರ್ಯ ಕಾಯ್ತಾನಾ?" ಎಂದರು ಮಾವ.

ಹೋಗಲಿ ಬಿಡಿ, ರೊಟ್ಟಿ ಚೆನ್ನಾಗಿತ್ತು ಎಂದು ಟೀಚರ್ ನಕ್ಕರು. ಅವರು ಬೈದಿದ್ದರೆ ವಾಸಿಯಿತ್ತು, ನನಗೆ ಅಳುವೇ ಬಂತು.

ಮಾವ ಬೈದು ಸುಮ್ಮನಾಗುವವರಲ್ಲ. ಒಂದು ಕನ್ನಡಿ ಕೊಟ್ಟು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು, ಇನ್ನೊಂದನ್ನು ಕಂಕುಳಲ್ಲಿಟ್ಟುಕೊಂಡು ಇನ್ನೂ ಬಿಸಿಲಿದ್ದ ಎದುರಿನ ದಿಬ್ಬ ಹತ್ತಿದರು. ಎಪ್ಪತ್ತೆರಡು ವರ್ಷ! ಎಂಥ ಮನುಷ್ಯ ಅಂತೀರಿ. ಅಷ್ಟು ದೂರದಿಂದ ಬಿಸಿಲನ್ನು ಸರಿಯಾಗಿ ನನ್ನ ಕನ್ನಡಿಗೆ ಹಾಯಿಸಿದರು, ನಾನು ಅದನ್ನು ಚಾವಣಿಗೆ ತಿರುಗಿಸಿದೆ. ಕಪ್ಪು ದ್ರಾಕ್ಷಿಯ ಗೊಂಚಲುಗಳು ಎದ್ದು ಬಂದವು. ಆದರೆ ಹತ್ತಿದ ಆಯಾಸಕ್ಕೆ ಮಾವನ ಕೈ ನಡುಗುತ್ತಿತ್ತು, ಬೆಳಕೂ ನಡುಗಿತು. ಗಟ್ಟಿಯಾಗಿ ಹಿಡಿಯಿರಿ ಎಂದು ಕೂಗಲು ಬಾಯಿ ತೆರೆದೆ.

ನನ್ನ ಪಕ್ಕದಲ್ಲೇ ನಿಂತಿದ್ದ ಟೀಚರ್ ಕತ್ತೆತ್ತಿಕೊಂಡೇ ನನ್ನ ತೋಳು ಹಿಡಿದರು.

"ಕೂಗಬೇಡ ಕಣೇ. ಮೂವತ್ತು ವರ್ಷ ಪುಸ್ತಕದಲ್ಲಿ ನೋಡಿದೀನಿ, ಈ ಚಪ್ಪರಕ್ಕೆ ಗಾಳಿ ಬೀಸುತ್ತೆ ಅಂತ ಗೊತ್ತೇ ಇರಲಿಲ್ಲ."