ಗೋಡೆಯ ಆಚೆಯ ಬಡಿತ

"ಏ ಮುದುಕಿ, ಚಪ್ಲಿ ಹಾಕ್ಕೋ! ಇದೇನು ನಿಮ್ಮಪ್ಪನ ದರ್ಗಾ ಅಂದ್ಕೊಂಡೀ ಏನು?"

ಗಣಿಯ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಮಾಳಿಂಗಪ್ಪ, ಹಸೀನಾಬೀ ಕಳಚಿಟ್ಟ ಚಪ್ಪಲಿಗಳನ್ನು ಕೋಲಿನಿಂದ ಅವಳತ್ತ ನೂಕಿದ. ಅವಳು ಅವುಗಳನ್ನು ಮೆಟ್ಟಲಿಲ್ಲ. ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಆಕಿ ಗಂಡ ಒಳಗ ಮಲಗ್ಯಾನಲೇ, ಬಾಡ್ಕೋ. ಗೋರಿಗೆ ಯಾರರ ಚಪ್ಲಿ ಹಾಕ್ಕೊಂಡು ಹೋಗ್ತಾರೇನು?" ಎಂದ ಅವಳ ಜೊತೆ ಬಂದಿದ್ದ ಅಂಬಪ್ಪ. ಅಷ್ಟು ಹೇಳುವುದರೊಳಗೆ ಅವನಿಗೆ ಕೆಮ್ಮು ಬಂದಿತು.

"ಒಳಗ ಹೆಣಾ ಗಿಣಾ ಏನಿಲ್ಲ. ಇದು ಪಾರಂಪರಿಕ ತಾಣ. ಹೆಲ್ಮೆಟ್ ಹಾಕ್ಕೋರಿ, ಇಲ್ಲಂದ್ರ ಬಿಡಂಗಿಲ್ಲ. ಕಲ್ಲು ಬಿದ್ರ ನನ್ನ ನೌಕ್ರಿ ಹೋಗತೈತಿ."

ಹಸೀನಾಬೀ ಆ ಹಳದಿ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚಾಂದ್‌ಪಾಷಾ ಈ ತಾಮ್ರದ ಗಣಿಗೆ ಇಳಿಯುವ ಕಾಲಕ್ಕೆ, ತಲೆಗೆ ಸುತ್ತಿಕೊಳ್ಳಲು ಅವಳು ತನ್ನ ಹಳೆಯ ಸೀರೆಯನ್ನು ಹರಿದು ಕೊಡುತ್ತಿದ್ದಳು.

"ಆವಾಗ ಇವು ಎಲ್ಲಿದ್ವು, ಅಣ್ಣಾ?"

"ಆವಾಗ ನೋಡಾಕ ಬರೋ ಮಂದಿ ಎಲ್ಲಿತ್ತು, ತಂಗಿ? ಸಾಯಾಕ ಬರೋ ಮಂದಿನೇ ಇತ್ತು."

ಸಾಲಗುಂದದ ಈ ಇಬ್ಬರೂ ಬೆಳಿಗ್ಗೆ ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿಯಲ್ಲಿ ಇಳಿದು, ಆಟೋ ಹಿಡಿದು ಗುಡ್ಡದ ಬುಡಕ್ಕೆ ಬಂದಿದ್ದರು. ಗಣಿ ಕುಸಿದ ದಿನ ಅಂಬಪ್ಪ ಹೇಗೋ ಹೊರಬಿದ್ದಿದ್ದ. ಚಾಂದ್‌ಪಾಷಾ ಒಳಗೇ ಉಳಿದ. ಕಂಪನಿಯವರು ಹೆಣ ತೆಗೆಯಲಿಲ್ಲ. ಗೋಡೆ ಕಟ್ಟಿಸಿ, ಗೇಟಿಗೆ ಬೀಗ ಜಡಿದರು. ಈಗ ಬೀಗ ತೆರೆದಿದ್ದಾರೆಂದು ಕೇಳಿ, ಆ ಗೋಡೆಯ ಎದುರು ಗಂಡನಿಗಾಗಿ ಒಮ್ಮೆ ಫಾತೆಹಾ ಪ್ರಾರ್ಥನೆ ಓದಬೇಕೆಂದು ಅವಳು ಬಂದಿದ್ದಳು. ಸೆರಗಿನ ಗಂಟಿನಲ್ಲಿ ಒಂದು ಹಿಡಿ ಮಲ್ಲಿಗೆಯಿತ್ತು.

"ಮಾನ್ಯರೇ, ನಮ್ಮ ಹಿರಿಯರ ಸಾಹಸಗಾಥೆಗೆ ತಮಗೆ ಸ್ವಾಗತ," ಎನ್ನುತ್ತ ಗೈಡ್ ದಾನಿಷ್ ಮುಂದೆ ನಡೆದ. ಅವನ ಬೆನ್ನಿಗೆ ಲಿಂಗಸುಗೂರಿನಿಂದ ಬಂದ ಅಧಿಕಾರಿಯೊಬ್ಬನ ಕುಟುಂಬ. ಎಲ್ಲರಿಗಿಂತ ಹಿಂದೆ ಇವರಿಬ್ಬರು. ಸುರಂಗದ ಕೊನೆಯಲ್ಲಿ ಗೋಡೆ. ಅದರ ಮೇಲೆ ಹಲ್ಲು ಬಿಟ್ಟು ನಗುವ ಕೂಲಿಗಳ ಚಿತ್ರ.

ಹಸೀನಾಬೀ ಗಂಟು ಬಿಚ್ಚಿದಳು. ದಾನಿಷ್ ಓಡಿಬಂದು ಅವಳ ಕೈ ಹಿಡಿದ.

"ಬ್ಯಾಡ್ರಿ ಖಾಲಾ, ಮ್ಯಾಲ ಕ್ಯಾಮೆರಾ ಐತಿ. ನನ್ನ ಹೊಟ್ಟಿಮ್ಯಾಲ ಹೊಡೀಬ್ಯಾಡ್ರಿ."

"ಎರಡು ಮಾತು ಓದಿ ಹೋಗ್ತೀನಪ್ಪಾ."

"ಹೊರಗ ಓದ್ರಿ. ಅಲ್ಲಾ ಎಲ್ಲಾ ಕಡಿ ಅದಾನ."

"ಅಲ್ಲಾ ಎಲ್ಲಾ ಕಡಿ ಅದಾನೋ. ನನ್ನ ಗಂಡ ಇಲ್ಲೇ ಅದಾನ."

ಅಧಿಕಾರಿ ಗಡಿಯಾರ ನೋಡಿಕೊಂಡ. "ಏನ್ರೀ ಇದು? ಇಂಥವರನ್ನೆಲ್ಲ ಯಾಕ ಒಳಗ ಬಿಡ್ತೀರಿ? ಗಣಿ ಕುಸಿಯೋ ಶೋ ಶುರು ಮಾಡ್ರಿ, ಮಕ್ಕಳು ಕಾಯಾಕತ್ತಾವ."

ದೀಪಗಳು ಆರಿದವು. ಗುಡ್ಡವೇ ಸೀಳಿದಂತೆ ಸದ್ದಾಯಿತು. ಕಾಲ ಕೆಳಗಿನ ಹಲಗೆಗಳು ನಡುಗಿದವು. ಮೇಲಿನಿಂದ ತಣ್ಣನೆಯ ಹೊಗೆ ಇಳಿಯಿತು. ಧ್ವನಿವರ್ಧಕದಲ್ಲಿ ಗಂಡಸೊಬ್ಬ "ಯವ್ವಾ" ಎಂದು ಚೀರಿದ. ಮಕ್ಕಳು ಕೇಕೆ ಹಾಕಿದರು. ಬಳಿಕ ಎಲ್ಲವೂ ನಿಶ್ಶಬ್ದವಾಗಿ, ಗೋಡೆಯ ಆಚೆಯಿಂದ ಬಂದಂತೆ ಬಡಿತ ಕೇಳಿಸಿತು. ಟಕ್. ಟಕ್. ಟಕ್.

"ಪಪ್ಪಾ, ಅವ ಇನ್ನೂ ಸತ್ತಿಲ್ಲ!" ಎಂದು ಮಗುವೊಂದು ನಕ್ಕಿತು.

ಅಂಬಪ್ಪನ ದನಿ ನೆಲದಿಂದ ಬಂದಿತು. "ಹಿಂಗ... ಹಿಂಗ ಬಡಿದಿದ್ದ, ತಂಗಿ. ಮರುದಿನಾನೂ ಬಡಿಯಾಕತ್ತಿದ್ದ. ಗ್ವಾಡಿ ಕಟ್ಟಿ ಮುಗಿಯೋತನಕ ಬಡಿದ."

ಇಷ್ಟು ವರ್ಷಗಳಲ್ಲಿ ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹಸೀನಾಬೀ ತಲೆಯ ಹೆಲ್ಮೆಟ್ಟನ್ನು ಕಿತ್ತಳು. ಕತ್ತಲಲ್ಲಿ ತಡವರಿಸಿ ಗೋಡೆಯನ್ನು ಮುಟ್ಟಿದಳು. "ಅಜೀ ಸುನೋ," ಎಂದು ಮನೆಯಲ್ಲಿ ಗಂಡನನ್ನು ಕರೆಯುತ್ತಿದ್ದಂತೆಯೇ ಕರೆದಳು. "ಮೈ ಆಯೀ." ಬಂದೆ ಎಂದು ಹೇಳಿ, ಹೆಲ್ಮೆಟ್ಟಿನಿಂದ ಗೋಡೆಗೆ ಬಡಿದಳು. ಮತ್ತೆ ಬಡಿದಳು.

ದೀಪ ಹತ್ತಿತು. ತಲೆಯನ್ನು ಎರಡು ಕೈಗಳಲ್ಲಿ ಮುಚ್ಚಿಕೊಂಡು ಬಿದ್ದಿದ್ದ ಅಂಬಪ್ಪನ ಧೋತರ ಒದ್ದೆಯಾಗಿತ್ತು. ಅಧಿಕಾರಿಯ ಹೆಂಡತಿ ಮೊಬೈಲು ಎತ್ತಿ ಹಿಡಿದಿದ್ದಳು. "ಎಷ್ಟು ಚಂದ ಮಾಡಾಕತ್ತಾಳ ನೋಡ್ರಿ," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಖಾಲಾ, ಶೋ ಮುಗೀತ್ರಿ..." ಎಂದ ದಾನಿಷ್. ಮಾಳಿಂಗಪ್ಪ ಬಂದು ಅವಳ ರಟ್ಟೆ ಹಿಡಿದು ಎಳೆದ. ಅಂಬಪ್ಪ ತೆವಳಿಕೊಂಡು ಹೋಗಿ ಅವನ ಕಾಲು ಹಿಡಿದ. ಹೆಲ್ಮೆಟ್ಟು ಸೀಳಿತ್ತು. ಅವಳ ಸೆರಗಿನಿಂದ ನೆಲಕ್ಕೆ ಚೆಲ್ಲಿದ್ದ ಮಲ್ಲಿಗೆ ಬೂಟುಗಳ ಕೆಳಗೆ ಹಿಸುಕಿಹೋಗಿತ್ತು.

ದಾನಿಷ್ ಗುಂಡಿ ಒತ್ತಿ ಯಂತ್ರವನ್ನು ನಿಲ್ಲಿಸಿದ. ಗೋಡೆಯ ಆಚೆಯ ಬಡಿತ ನಿಲ್ಲಲಿಲ್ಲ.

ಹೊರಗೆ ಮುಂದಿನ ಗುಂಪಿನವರು, "ಲಗೂ ನಡೀರಿ, ಶುರು ಆಗೇತಿ," ಎನ್ನುತ್ತ ಹೆಲ್ಮೆಟ್ಟುಗಳನ್ನು ಹಾಕಿಕೊಳ್ಳುತ್ತಿದ್ದರು.