ಹೆಬ್ಬೆರಳಿನ ಕೆಳಗಿನ ಚೌಕ

ಕೋರ್ಟಿನ ಬಾಗಿಲು ಕಿರ್ರೆಂದಿತು, ಎಲ್ಲರೂ ದಡಕ್ಕನೆ ಎದ್ದು ನಿಂತರು, ಬಂದವನು ನೀರಿನ ಕ್ಯಾನು ಹೊತ್ತ ಜವಾನ, ಎಲ್ಲರೂ ಮತ್ತೆ ಕುಳಿತರು – ಬೆಳಿಗ್ಗೆಯಿಂದ ಇದು ಆರನೆಯ ಸಲ, ತೀರ್ಪಿಗೆ ಕಾದು ಕೂತ ನಲವತ್ತು ಜನ, ನೀರಿನ ಕ್ಯಾನಿಗೂ ಎದ್ದು ನಿಲ್ಲುವ ಜನ, ಇವರಿಗೆ ಯಾರು ಏನನ್ನು ಬೇಕಾದರೂ ಮಾರಬಹುದು, ಗೊತ್ತಿದ್ದೇ ಹೇಳುತ್ತಿದ್ದೇನೆ, ನಾನೇ ಮಾರಿದ್ದೇನೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಶೂ ಬಿಚ್ಚಿ ಪಾದ ನೀವಿಕೊಳ್ಳುತ್ತಿರುವ, ನನ್ನಿಂದ ಸೋಫಾ ಒಯ್ದ ಮೇಷ್ಟ್ರು, ಪ್ರಶ್ನೆಯನ್ನು ಎರಡು ಸಲ ಓದಿಕೊಂಡು ಆಮೇಲೆ ಉತ್ತರ ಬರೀರೋ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವರು, ಒಂಬತ್ತು ಪುಟದ ಸಾಲದ ಕರಾರಿಗೆ ಒಂದೂವರೆ ನಿಮಿಷದಲ್ಲಿ ಸಹಿ ಗೀಚಿ, ಈ ಬಣ್ಣ ಮಾಸಲ್ಲ ತಾನೇ, ಎಂದು ಕೇಳಿದ್ದರು. ಅವರ ಪಕ್ಕ ಬಸ್ ಡ್ರೈವರ್, ಗೋಡೆಯಗಲದ ಟೀವಿ ಒಯ್ದವನು, ದಿನವಿಡೀ ರಸ್ತೆ ಬದಿಯ ಫಲಕ ಓದಿಕೊಂಡೇ ಹೊಟ್ಟೆ ಹೊರೆಯುವವನು, ನಾಲ್ಕನೆಯ ಪುಟದ ಖಾಲಿ ಚೌಕ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಬೀಳದ ಹಾಗೆ ನೋಡಿಕೊಂಡವಳು ಇಲ್ಲೇ ಎದುರಿಗೆ ಕೂತಿದ್ದೇನೆ, ಅದೂ ಬೀಳುತ್ತಿಲ್ಲ. ಅಂಗಡಿಯ ನೀಲಿ ಕೋಟು ಬಿಚ್ಚಿಟ್ಟರೆ ಸಾಕು, ನಮಗೆ ಮುಖವೇ ಇರುವುದಿಲ್ಲ. ನಿಮ್ದೇನಮ್ಮ, ಎಂದು ಆಗಲೇ ಮೇಷ್ಟ್ರು ಕೇಳಿದರು. ಮೊಬೈಲು ಸಾರ್. ಛೆ ಛೆ, ಚಿಕ್ಕ ಹುಡುಗೀನೂ ಬಿಡ್ಲಿಲ್ಲ ನೋಡಿ ಕಟುಕರು. ನ್ಯಾಯ ಸಿಗುತ್ತೆ ಬಿಡಿ, ಅಂದ ಡ್ರೈವರ್, ಸಿಗ್ದೆ ಎಲ್ಲಿಗೆ ಹೋಗುತ್ತೆ. ನ್ಯಾಯವಂತೆ, ಅದೂ ಕಂತಿನಲ್ಲಿ ಮನೆಗೆ ಬರುತ್ತದೆ ಅಂದುಕೊಂಡಿದ್ದಾರೆ.

ಕಟುಕರು, ಸರಿ, ಕಟುಕನ ಅಂಗಡಿಗೆ ತಾವಾಗಿ ಸಾಲುಗಟ್ಟಿ ಬಂದ ಕುರಿಗಳಿಗೆ ಏನೆನ್ನಬೇಕು – ಅಕ್ಕ ನನ್ನ ಭುಜಕ್ಕೊರಗಿ ತೂಕಡಿಸುತ್ತಿದ್ದಾಳೆ, ಅವಳ ಕೈಯಿಂದ ಬ್ಲೀಚಿಂಗ್ ಪುಡಿಯ ವಾಸನೆ, ಇಲ್ಲಿಗೆ ಬರುವ ಮುಂಚೆಯೂ ಎರಡು ಲಾಡ್ಜಿನ ಬೆಡ್‌ಶೀಟು ಒಗೆದು ಹಾಕಿ ಬಂದಿದ್ದಾಳೆ, ಯಾರ್ಯಾರೋ ಮಲಗಿ ಎದ್ದ ಬಟ್ಟೆ, ಮನೆ ಬಾಡಿಗೆ, ಮಗಳ ಫೀಸು, ಎಲ್ಲವೂ ನಮ್ಮಂಗಡಿಯಿಂದ ಕಂತಿನಲ್ಲಿ ಒಯ್ದ ವಾಷಿಂಗ್ ಮೆಷಿನ್ನಿನ ಹೊಟ್ಟೆಯೊಳಗೇ ಗಿರಗಿರ ತಿರುಗಬೇಕು. ಇವತ್ತು ಸೋತರೆ ಮೆಷಿನ್ನು ಹೋಗುತ್ತದೆ. ಹೇಗೆ ಒಯ್ಯುತ್ತಾರೆಂದು ನೋಡಿದ್ದೇನೆ, ನಮ್ಮ ಬೀದಿಯ ಅಜ್ಜಿಯ ಫ್ರಿಜ್ಜಿನಲ್ಲಿದ್ದ ಹಾಲಿನ ಪಾತ್ರೆಯನ್ನು ಜೋಪಾನವಾಗಿ ನೆಲದ ಮೇಲಿಟ್ಟು, ಒಂದ್ ಸಹಿ ಹಾಕಿ ಅಜ್ಜಿ, ಎಂದು ಒಯ್ದದ್ದಕ್ಕೂ ಸಹಿ ತೆಗೆದುಕೊಂಡರು, ಅಜ್ಜಿ ಹಾಕಿದಳು, ಗುರುತು ಮಾಡಿದ ಕಡೆಯೇ ಹಾಕಿದಳು. ಗುರುತು, ಪೆನ್ಸಿಲ್ಲಿನ ಒಂದು ಸಣ್ಣ ಟಿಕ್ಕು. ಕೆಲಸಕ್ಕೆ ಸೇರಿದ ವಾರದಲ್ಲೇ ಮ್ಯಾನೇಜರು ಕಲಿಸಿದ, ನೋಡು, ಟಿಕ್ ಹಾಕಿದ್ರೆ ಜನ ಟಿಕ್ಕನ್ನೇ ನೋಡ್ತಾರೆ, ಅಕ್ಷರ ನೋಡಲ್ಲ, ಸಹಿ ಆದ್ಮೇಲೆ ರಬ್ಬರ್‌ನಲ್ಲಿ ಅಳಿಸಿಬಿಡು, ನಾಲ್ಕನೇ ಪುಟ ಬಂದಾಗ ಕಾಗದ ಹಾರದ ಹಾಗೆ ಹಿಡ್ಕೊ, ಹೆಬ್ಬೆರಳು ಇಲ್ಲಿ. ಇಲ್ಲಿ ಅಂದರೆ ವಾರ್ಷಿಕ ಬಡ್ಡಿ ಎಂದು ಬರೆದಿದ್ದ ಚೌಕದ ಮೇಲೆ. ಏಸಿ ಅಂಗಡಿ, ಫ್ಯಾನೇ ಇಲ್ಲ, ಕಾಗದ ಎಲ್ಲಿಗೆ ಹಾರುತ್ತದೆ, ಒಬ್ಬ ಗಿರಾಕಿಯಾದರೂ ಕೇಳಬೇಡವೇ. ಆ ಚೌಕ ತುಂಬುವುದು ಸಂಜೆ, ಸಾಲದ ಕಂಪನಿಯವರು ಬಂದ ಮೇಲೆ, ಮುಖ ನೋಡಿ ಮಣೆ ಹಾಕಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಅಂಕಿ. ಓದು ಬಾರದವರನ್ನು ಹೆಬ್ಬೆಟ್ಟು ಎಂದು ಆಡಿಕೊಳ್ಳುತ್ತೇವಲ್ಲ, ಡಿಗ್ರಿ ಮಾಡಿದ ನಾನು ಎರಡು ವರ್ಷ ಒತ್ತಿದ್ದೂ ಅದನ್ನೇ. ಅದೂ ಎಂಥ ಹೆಬ್ಬೆರಳು, ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿ ಉಗುರು ಉದ್ದಕ್ಕೆ ಸೀಳಿತ್ತು, ಅಂದಿನಿಂದ ಎರಡು ಹೋಳಾಗಿಯೇ ಬೆಳೆಯುತ್ತಿದೆ. ಅಕ್ಕ ಬಂದ ದಿನವೂ ಅದೇ ಹೆಬ್ಬೆರಳು, ನನ್ ತಂಗಿ ಇರೋ ಅಂಗ್ಡಿ, ಎಂದು ನೀಲಿ ಕೋಟಿನವರಿಗೆಲ್ಲ ಹೇಳಿಕೊಂಡು ಒಳಗೆ ಬಂದಳು, ಕುರ್ಚಿಯ ತುದಿಯಲ್ಲಿ ಕೂತಳು, ಓದ್ಲಾ, ಎಂದಳು, ಎರಡು ವರ್ಷದಲ್ಲಿ ಆ ಮಾತು ಆಡಿದ ಒಬ್ಬಳೇ ಗಿರಾಕಿ, ನಾನು ಏನೆಂದೆ, ಅಯ್ಯೋ, ನಾನಿಲ್ವೇನೇ ಅಕ್ಕ. ಹೆಬ್ಬೆರಳು ತಾನಾಗಿ ಹೋಗಿ ಚೌಕದ ಮೇಲೆ ಕೂತಿತು. ತಿಂಗಳ ಟಾರ್ಗೆಟ್ಟಿಗೆ ಒಂದು ಕಡಿಮೆ ಇತ್ತು, ಒಂದೇ ಒಂದು. ಆಮೇಲೆ ನನ್ನ ಮೊಬೈಲಿನ ಕಾಗದ ಹಿಡಿದವನು ಮ್ಯಾನೇಜರು, ಅವನ ಹೆಬ್ಬೆರಳು ಎಲ್ಲಿದೆಯೆಂದು ಕಣ್ಣಾರೆ ನೋಡಿಯೂ ಸಹಿ ಹಾಕಿದೆ, ಸ್ಟಾಫಿಗೆ ಕಡಿಮೆ ಹಾಕುತ್ತಾರೆ ಅಂದುಕೊಂಡೆ, ಕುರಿಗಳಲ್ಲೆಲ್ಲ ದಡ್ಡ ಕುರಿ ಕಟುಕನ ಮನೆಯಲ್ಲೇ ಸಾಕಿದ ಕುರಿ. ಸಹಿ ಹಾಕುವಾಗ ಚೌಕ ಖಾಲಿ ಇತ್ತು ಅಂತ ಅಂಗಡಿಯವರು ಒಬ್ರು, ಒಬ್ರೇ ಒಬ್ರು ಬಂದು ಹೇಳಿದ್ರೆ ಕೇಸು ಕಲ್ಲಿನ ಹಾಗೆ ನಿಲ್ಲುತ್ತೆ, ಎಂದು ಹೋದ ತಿಂಗಳು ನಮ್ಮ ವಕೀಲ ಹೇಳಿದ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಾನು ಉಗುರು ನೋಡಿಕೊಂಡೆ. ಮನೆಗೆ ಹೋಗುವಾಗ ಅಕ್ಕ ಅಂದಳು, ನಾನು ನಿನ್ ಹೆಸ್ರು ಎತ್ಲಿಲ್ಲ ಕಣೇ, ನೀನು ಆ ಮ್ಯಾನೇಜರ್ ಹೇಳ್ದಷ್ಟು ಮಾಡ್ದೆ, ಕಾಗದದ ವಿಷ್ಯ ನಿಂಗೇನ್ ಗೊತ್ತು ಪಾಪ. ಪಾಪ ಅಂತೆ. ಬೈದಿದ್ದರೆ ಜೀರ್ಣವಾಗುತ್ತಿತ್ತು, ಇದು ಆಗುತ್ತಿಲ್ಲ.

ವಕೀಲನ ಜೂನಿಯರ್ ಬರುತ್ತಿದ್ದಾನೆ, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಕಾಗದದ ಕಟ್ಟು, ತೀರ್ಪಿಗೆ ಮುಂಚೆ ಒಂದು ಸಣ್ಣ ಫಾರ್ಮಾಲಿಟಿ ಅಷ್ಟೇ – ಅರೇ, ಅದು ನನ್ನ ಮಾತು, ನನ್ನ ದನಿ ಕೂಡ, ಅಷ್ಟೇ ಎನ್ನುವಾಗ ಕತ್ತು ಓರೆ ಮಾಡುವುದು ಕೂಡ. ಏನಪ್ಪಾ ಇದು, ಎಂದ ಡ್ರೈವರ್. ಏನಿಲ್ಲ ಅಣ್ಣ, ದುಡ್ಡು ವಾಪಸ್ ಬಂದ್ರೆ ಸಾರ್ ಫೀಸಿಂದು, ಟಿಕ್ ಹಾಕಿರೋ ಕಡೆ ಸಹಿ ಹಾಕಿ. ಡ್ರೈವರ್ ಹಾಕಿದ. ಮೇಷ್ಟ್ರು ಕನ್ನಡಕ ತೆಗೆದರು, ಓದುತ್ತಾರೇನೋ ಅಂದುಕೊಂಡೆ, ಒರೆಸಿ ಮತ್ತೆ ಹಾಕಿಕೊಂಡು, ಪೆನ್ ಇದ್ಯೇನ್ರಿ, ಅಂದರು. ಖಾಲಿ ಚೌಕಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಜನ ಅದೇ ಕೋರ್ಟಿನ ಬಾಗಿಲಲ್ಲಿ – ನಾನು ಕಾಗದ ಓದಬೇಕಾಗಿಯೇ ಇಲ್ಲ, ಜೂನಿಯರನ ಹೆಬ್ಬೆರಳು ಎಲ್ಲಿದೆ ಎಂದು ನೋಡಿದರೆ ಸಾಕು, ಮೇಲಿಂದ ಮೂರನೆಯ ಸಾಲು, ಪ್ರತಿಯೊಬ್ಬರ ಕಾಗದದಲ್ಲೂ ಮೂರನೆಯ ಸಾಲು. ಹಾಕಿ, ಎಲ್ಲರೂ ಹಾಕಿ, ಬೋಳಿಸಿಕೊಳ್ಳುವುದಕ್ಕೇ ಹುಟ್ಟಿದವರು, ನನಗೇನು. ಅಕ್ಕನ ತೊಡೆಯ ಮೇಲೂ ಒಂದು ಕಾಗದ ಇಟ್ಟ, ಆಚೆ ಬೆಂಚಿನಿಂದ ಯಾರೋ ಕರೆದರೆಂದು ಪೆನ್ನು ಕೊಟ್ಟು ತಿರುಗಿದ. ಅಕ್ಕ ಕಣ್ಣುಜ್ಜಿಕೊಂಡಳು, ಎಲ್ಲೇ ಹಾಕ್ಬೇಕು, ಓ, ಇಲ್ಲಾ, ಪೆನ್ನು ಟಿಕ್ಕಿನ ಕಡೆ ಹೊರಟಿತು, ಬಿಡು, ಹಾಕಲಿ, ಬೇಡವೆಂದರೆ ನಿನಗೆ ಹೇಗೆ ಗೊತ್ತು ಅನ್ನುತ್ತಾಳೆ, ಅಲ್ಲಿಂದ ಅಂಗಡಿಯ ಕುರ್ಚಿಗೆ ಎರಡೇ ಹೆಜ್ಜೆ, ಬಾಯಿ ಮುಚ್ಚಿಕೊಂಡಿದ್ದರೆ ಪಾಪದವಳಾಗಿಯೇ ಉಳಿಯುತ್ತೇನೆ, ಬಾಯಿ ಮುಚ್ಚಿಕೊಂಡೇ ಇದ್ದೆ, ಕೈ ಕೇಳಲಿಲ್ಲ, ಹೆಬ್ಬೆರಳು ಹೋಗಿ ಟಿಕ್ಕಿನ ಮೇಲೆ ಕೂತಿತು. ಬೆರಳು ತೆಗಿಯೇ, ಕಾಣಲ್ಲ. ಮೂರ್ನೇ ಸಾಲು ಓದಕ್ಕ. ನೀನಿದ್ದೀಯಲ್ಲ. ಓದು ಅಂದ್ನಲ್ಲ. ತುಟಿ ಅಲ್ಲಾಡಿಸುತ್ತ ಓದಿದಳು, ಬಂದ, ಹಣದಲ್ಲಿ, ಶೇಕಡಾ – ಇಲ್ಲೇನೂ ಬರ್ದೇ ಇಲ್ವಲ್ಲೇ. ಹೂಂ. ಓದ್ದೇನೇ ನಿಂಗ್ ಹೇಗೆ ಗೊತ್ತಾಯ್ತು. ಬಾಗಿಲು ಕಿರ್ರೆಂದಿತು, ಎಲ್ಲರೂ ಎದ್ದರು, ಜವಾನ ಈ ಸಲ ನಮ್ಮ ಕೇಸಿನ ನಂಬರನ್ನೇ ಕೂಗುತ್ತಿದ್ದಾನೆ, ಮೇಷ್ಟ್ರು ಒಂದು ಶೂ ಹುಡುಕುತ್ತಿದ್ದಾರೆ, ಬನ್ರೀ ಬನ್ರೀ, ಅನ್ನುತ್ತಿದ್ದಾನೆ ಡ್ರೈವರ್, ಅಕ್ಕ ಏಳಲಿಲ್ಲ, ಕಾಗದ ನೋಡುತ್ತಿಲ್ಲ, ನನ್ನ ಮುಖವನ್ನೂ ನೋಡುತ್ತಿಲ್ಲ, ಹೆಬ್ಬೆರಳನ್ನೇ ನೋಡುತ್ತಿದ್ದಾಳೆ, ಅವತ್ತೂ ಹೀಗೇ ಹಿಡ್ಕೊಂಡಿದ್ದೆ ಅಲ್ವಾ, ಎಂದಳು ಮೆಲ್ಲಗೆ, ಬೆಡ್‌ಶೀಟಿನ ಮೇಲಿನ ಕಲೆ ಯಾವುದರದೆಂದು ಗುರುತು ಹಿಡಿಯುವಾಗಿನ ದನಿ, ಮತ್ತೆ ನಂಬರು ಕೂಗುತ್ತಿದ್ದಾನೆ, ಬೆರಳು ತೆಗೆಯಬೇಕು, ಬೆರಳು ಏಳುತ್ತಿಲ್ಲ, ಬಿಳಿ ಕಾಗದ, ಅದರ ಮೇಲೆ ಉಗುರು, ಉದ್ದಕ್ಕೆ ಸೀಳಿದ ಉಗುರು, ಎರಡು ಹೋಳಾದ ಆ ಉಗುರು